ಲೈಟ್ ಹೋದರೂ ತಂತಿಯಲ್ಲಿ ಕರೆಂಟ್ ಇರಬಹುದು

ಜೂನ್ ಬಂತೆಂದರೆ ಬಸ್ಸಿನಲ್ಲಿ ಕಾಲೇಜಿಗೆ ಬರುವ ನಮ್ಮಂಥವರು ಬೆಳಿಗ್ಗೆ ಒಬ್ಬರನ್ನೊಬ್ಬರು ಕೇಳುವ ಮೊದಲ ಪ್ರಶ್ನೆ "ನಿಮ್ಮೂರಲ್ಲಿ ಕರೆಂಟ್ ಬಂತಾ?" ಎಂಬುದು. ತೀರ್ಥಹಳ್ಳಿ ಕಡೆಯ ಹಳ್ಳಿಗಳಲ್ಲಿ ಮಳೆಗಾಲದಲ್ಲಿ ಮೂರು ದಿನ, ನಾಲ್ಕು ದಿನ ಕರೆಂಟ್ ಇಲ್ಲದಿರುವುದು ಹೊಸತೇನಲ್ಲ. ಹತ್ತಿರದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ. ಲೈನ್ ಹೋಗುವುದು ಕಾಡಿನ ನಡುವೆ, ಅಡಿಕೆ ತೋಟದ ಅಂಚಿನಲ್ಲಿ. ಗಾಳಿ ಬೀಸಿದರೆ ಮರ ಬೀಳುತ್ತದೆ, ಮರ ಬಿದ್ದರೆ ತಂತಿ ಬೀಳುತ್ತದೆ. ನಮಗೆ ಇದು ಎಷ್ಟು ರೂಢಿಯಾಗಿದೆಯೆಂದರೆ ಕತ್ತಲೆಯ ಬಗ್ಗೆ ಯಾರಿಗೂ ಭಯವಿಲ್ಲ. ಚಿಮಣಿ ಇದೆ, ಟಾರ್ಚ್ ಇದೆ, ಒಲೆ ಇದೆ. ನಾನು ಬರೆಯಲು ಹೊರಟಿರುವುದು ಕತ್ತಲೆಯ ಬಗ್ಗೆ ಅಲ್ಲ. ನಮ್ಮ ಮನೆಯಲ್ಲೇ ನಡೆದ ಒಂದು ತಪ್ಪಿನ ಬಗ್ಗೆ, ಅದರಿಂದ ನಾನು ಕೇಳಿ ತಿಳಿದುಕೊಂಡ ಕೆಲವು ವಿಷಯಗಳ ಬಗ್ಗೆ.

ಬಕ್ರೀದ್ ಈಗ ಕೆಲವು ವರ್ಷಗಳಿಂದ ಮಳೆ ಶುರುವಾಗುವ ಹೊತ್ತಿಗೇ ಬರುತ್ತಿದೆ. ಹಬ್ಬ ಕಳೆದ ಎರಡನೇ ದಿನ, ಮಗ್ರಿಬ್‌ಗೆ ಸ್ವಲ್ಪ ಮೊದಲು, ನಮ್ಮೂರಲ್ಲಿ ಜೋರು ಗಾಳಿ ಎದ್ದಿತು. ರಸ್ತೆ ಪಕ್ಕದ ಒಂದು ಮತ್ತಿ ಮರದ ಕೊಂಬೆ ಮುರಿದು ಲೈನ್ ಮೇಲೆ ಬಿತ್ತು. ಲೈಟ್ ಹೋಯಿತು. ಫ್ರೀಜರಿನಲ್ಲಿ ಕುರ್ಬಾನಿಯ ಮಾಂಸ ತುಂಬಿತ್ತು. ಎರಡು ಮನೆಗೆ ಹಂಚಬೇಕಾದ್ದು ಇನ್ನೂ ಉಳಿದಿತ್ತು. ಅಮ್ಮಿಗೆ ಅದೇ ಚಿಂತೆ. ರಾತ್ರಿ ಕಳೆದರೂ ಕರೆಂಟ್ ಬರಲಿಲ್ಲ. ಬೆಳಿಗ್ಗೆ ಮಾಮು ತಮ್ಮ ಚಿಕ್ಕ ಪೆಟ್ರೋಲ್ ಜನರೇಟರನ್ನು ಆಟೋದಲ್ಲಿ ಹಾಕಿಕೊಂಡು ಬಂದರು. ಮಳೆ ಹನಿಯುತ್ತಿದ್ದುದರಿಂದ ಅದನ್ನು ಜಗಲಿಯ ಮೇಲೆ ಇಟ್ಟರು. ಎರಡೂ ತುದಿಯಲ್ಲಿ ಪಿನ್ ಇರುವ ಒಂದು ವೈರ್ ಅವರ ಬಳಿ ಇತ್ತು. ಒಂದು ಪಿನ್ನನ್ನು ಜನರೇಟರಿಗೆ, ಇನ್ನೊಂದನ್ನು ಹಾಲಿನ ಗೋಡೆಯಲ್ಲಿದ್ದ ಸಾಕೆಟ್ಟಿಗೆ ಹಾಕಿದರು. ಹಗ್ಗ ಎಳೆದರು. ಇಡೀ ಮನೆಯಲ್ಲಿ ಲೈಟ್ ಬಂತು. ನನ್ನ ತಮ್ಮ ಚಪ್ಪಾಳೆ ತಟ್ಟಿದ. ನಾನೂ ಖುಷಿಪಟ್ಟೆ, ಮೊಬೈಲ್ ಚಾರ್ಜಿಗೆ ಹಾಕಿದೆ.

ಸುಮಾರು ಒಂದು ಗಂಟೆ ಕಳೆದ ಮೇಲೆ ಲೈನ್‌ಮ್ಯಾನ್ ಅಂಗಳಕ್ಕೆ ಬಂದು ನಿಂತರು. ನಮ್ಮ ಕಡೆ ಕೆಲಸ ಮಾಡುವ ಲೈನ್‌ಮ್ಯಾನ್‌ಗಳಲ್ಲಿ ಅನೇಕರು ಉತ್ತರ ಕರ್ನಾಟಕದವರು. ಇವರೂ ಬಾಗಲಕೋಟೆ ಕಡೆಯವರು. ಮಳೆಯಲ್ಲಿ ಪೂರ್ತಿ ನೆನೆದಿದ್ದರು. ಬೈಯಲಿಲ್ಲ. ಜನರೇಟರ್ ನೋಡಿದರು, ವೈರ್ ನೋಡಿದರು, ಆಮೇಲೆ ಮಾಮುವನ್ನು ಕೇಳಿದರು: "ಯಾಕ್ರೀ ಭಾಯ್, ನನ್ನ ಕೊಲ್ಲಾಕ ಹತ್ತೀರೇನ್ರೀ?"

ಮಾಮು ಮೇನ್ ಸ್ವಿಚ್ ಆಫ್ ಮಾಡಿರಲಿಲ್ಲ. ಮರೆತಿದ್ದರು, ಅಷ್ಟೇ. ನಮ್ಮ ಜನರೇಟರಿನ ಕರೆಂಟ್ ಸಾಕೆಟ್ಟಿನಿಂದ ಮನೆಯೊಳಗೆ ಹರಡಿ, ಮೀಟರ್ ದಾಟಿ, ಸರ್ವೀಸ್ ವೈರ್ ಹಿಡಿದು ಕಂಬಕ್ಕೆ ಹೋಗುತ್ತಿತ್ತು. ಆ ಕಂಬದ ತಂತಿ ಕಟ್ಟಲೆಂದೇ ಅವರು ಏಣಿ ಹಾಕಿದ್ದರು. ಅತ್ತ ಟಿಸಿಯ ಬಳಿ ಲೈನ್ ಬಂದ್ ಮಾಡಿ ಬಂದಿದ್ದರು. ನಿಯಮದ ಪ್ರಕಾರ ಆ ತಂತಿ ಸತ್ತ ತಂತಿ. ಆದರೂ ಮುಟ್ಟುವ ಮೊದಲು ಟೆಸ್ಟರ್ ಹಿಡಿದು ನೋಡುವ ಅಭ್ಯಾಸ ಅವರಿಗಿತ್ತು. ಟೆಸ್ಟರ್ ಉರಿಯಿತು. ಕೆಳಗಿಳಿದು ಕಿವಿಗೊಟ್ಟು ಕೇಳಿದಾಗ ಜನರೇಟರ್ ಶಬ್ದ ನಮ್ಮ ಮನೆಯಿಂದ ಬರುತ್ತಿತ್ತು.

ಅವರು ಟೆಸ್ಟರ್ ಹಿಡಿಯದೇ ಇದ್ದಿದ್ದರೆ? ಈ ಪ್ರಶ್ನೆ ನನಗೆ ಆ ರಾತ್ರಿ ನಿದ್ದೆ ಕೊಡಲಿಲ್ಲ. ನಾನು ಕಾಮರ್ಸ್ ವಿದ್ಯಾರ್ಥಿನಿ. ಭೌತಶಾಸ್ತ್ರ ನನಗೆ ಎಸ್ಸೆಸ್ಸೆಲ್ಸಿಗೇ ಮುಗಿಯಿತು. ಹಾಗಾಗಿ ಕಾಲೇಜು ತೆರೆದ ಮೇಲೆ ಭೌತಶಾಸ್ತ್ರ ಉಪನ್ಯಾಸಕರ ಹತ್ತಿರ ಹೋಗಿ ಒಂದೊಂದಾಗಿ ಕೇಳಿದೆ. ಲೈನ್‌ಮ್ಯಾನ್ ಅವರನ್ನೂ, ಅವರು ಇನ್ನೊಮ್ಮೆ ನಮ್ಮೂರಿಗೆ ಬಂದಾಗ, ಚಹಾ ಕೊಟ್ಟು ಕೂರಿಸಿ ಕೇಳಿದೆ. ಕೆಳಗೆ ಬರೆದಿರುವುದು ಅವರಿಬ್ಬರಿಂದ ಕಲಿತದ್ದು.

ಮೊದಲು ಕರೆಂಟಿನ ದಾರಿ. ಕಾಮರ್ಸಿನವರಿಗೆ ಇದು ಸುಲಭ. ಪ್ರತಿ ಡೆಬಿಟ್‌ಗೆ ಒಂದು ಕ್ರೆಡಿಟ್ ಇರುವಂತೆ, ಹೊರಟ ಕರೆಂಟ್ ಎಲ್ಲವೂ ಮರಳಿ ಹೋಗಲೇಬೇಕು. ಫೇಸ್ ತಂತಿಯಲ್ಲಿ ಬಂದದ್ದು ಬಲ್ಬ್ ಉರಿಸಿ ನ್ಯೂಟ್ರಲ್ ತಂತಿಯಲ್ಲಿ ವಾಪಸ್ ಹೋಗುತ್ತದೆ. ಟಿಸಿಯ ಹತ್ತಿರ ನ್ಯೂಟ್ರಲ್ಲನ್ನು ಭೂಮಿಗೆ ಜೋಡಿಸಿರುತ್ತಾರೆ. ಅಂದರೆ ಭೂಮಿಯೂ ವಾಪಸ್ ಹೋಗುವ ಒಂದು ದಾರಿ. ನಾವು ಒದ್ದೆ ನೆಲದ ಮೇಲೆ ನಿಂತು ಫೇಸ್ ತಂತಿ ಮುಟ್ಟಿದರೆ ನಮ್ಮ ಮೈಯೇ ಆ ದಾರಿಯಾಗುತ್ತದೆ. ಎಷ್ಟು ಕರೆಂಟ್ ಸಾಕು ಗೊತ್ತೇ? 9 ವ್ಯಾಟಿನ ಒಂದು ಎಲ್‌ಇಡಿ ಬಲ್ಬ್ ಎಳೆಯುವುದು ಸುಮಾರು 40 ಮಿಲಿ ಆಂಪಿಯರ್. 30 ಮಿಲಿ ಆಂಪಿಯರ್ ಎದೆಯ ಮೂಲಕ ಹಾದರೆ ಉಸಿರಾಟಕ್ಕೇ ತೊಂದರೆ. ಅದಕ್ಕಿಂತ ಸ್ವಲ್ಪ ಹೆಚ್ಚಾದರೆ ಹೃದಯದ ಬಡಿತ ತಪ್ಪುತ್ತದೆ. ಬಲ್ಬಿಗೆ ಸಾಕಾಗುವಷ್ಟೇ ಕರೆಂಟ್ ಮನುಷ್ಯನನ್ನು ಕೊಲ್ಲಲೂ ಸಾಕು. ಫ್ಯೂಸ್ ಆಗಲಿ, ಎಂಸಿಬಿ ಆಗಲಿ ನಮ್ಮನ್ನು ಉಳಿಸುವುದಿಲ್ಲ. ಅವು ಹಲವು ಆಂಪಿಯರ್ ಹರಿದಾಗ ಮಾತ್ರ ಬೀಳುತ್ತವೆ. ಮನೆಯ ವೈರಿಂಗ್ ಸುಡದಂತೆ ನೋಡಿಕೊಳ್ಳುವುದು ಅವುಗಳ ಕೆಲಸ.

ಆರ್‌ಸಿಸಿಬಿ ಎಂಬ ಇನ್ನೊಂದು ಸಾಧನ ಇದೆ. ಅದು ಫೇಸ್‌ನಲ್ಲಿ ಬಂದದ್ದು, ನ್ಯೂಟ್ರಲ್‌ನಲ್ಲಿ ಹೋದದ್ದು ಎರಡನ್ನೂ ಪ್ರತಿ ಕ್ಷಣ ತಾಳೆ ನೋಡುತ್ತಿರುತ್ತದೆ. ಮನೆಗೆ ಹಾಕುವಂಥದ್ದರಲ್ಲಿ 30 ಮಿಲಿ ಆಂಪಿಯರ್ ವ್ಯತ್ಯಾಸ ಬಂದರೆ ಸಾಕು, ಕಣ್ಣು ಮಿಟುಕಿಸುವುದರೊಳಗೆ ಬಂದ್ ಆಗುತ್ತದೆ. ಟ್ರಯಲ್ ಬ್ಯಾಲೆನ್ಸ್ ಹೊಂದದಿದ್ದರೆ ನಾವು ರಾತ್ರಿಯೆಲ್ಲ ತಲೆ ಕೆರೆದುಕೊಂಡು ಕೂರುತ್ತೇವೆ, ಇದು ತಕ್ಷಣ ಅಂಗಡಿ ಮುಚ್ಚುತ್ತದೆ. ನಮ್ಮೂರಲ್ಲಿ ಎಣಿಸಿದೆ: ಹದಿನಾಲ್ಕು ಮನೆಗಳಲ್ಲಿ ಇದು ಇರುವುದು ಎರಡೇ ಮನೆಯಲ್ಲಿ. ಎರಡೂ ಹೊಸದಾಗಿ ಕಟ್ಟಿದವು. ಆದರೆ ಇದು ಕಾಯುವುದು ಮನೆಯೊಳಗೆ ಮಾತ್ರ. ಕಂಬದ ತಂತಿಗೂ ಇದಕ್ಕೂ ಸಂಬಂಧವಿಲ್ಲ.

ಈಗ ಜನರೇಟರ್ ವಿಷಯ. ನಮ್ಮ ಮಾಮು ವಾದ ಮಾಡಿದ್ದು ಹೀಗೆ: "ಇಷ್ಟು ಚಿಕ್ಕ ಜನರೇಟರ್ ಊರಿಗೆಲ್ಲ ಕರೆಂಟ್ ಕೊಡುತ್ತದಾ? ಲೋಡ್ ಬಿದ್ದರೆ ತಾನೇ ನಿಂತುಹೋಗುತ್ತದೆ." ಅರ್ಧ ಸತ್ಯ. ಲೈನ್ ಸರಿಯಾಗಿದ್ದರೆ ಊರಿನ ಎಲ್ಲ ಫ್ರಿಜ್ಜು, ಪಂಪು, ಬಲ್ಬುಗಳ ಭಾರ ಅದರ ಮೇಲೆ ಬಿದ್ದು ಅದು ಬಹುಪಾಲು ನಿಂತೇ ಹೋಗುತ್ತಿತ್ತು. ಆದರೆ ಗಾಳಿಮಳೆಯಲ್ಲಿ ಲೈನ್ ಸರಿಯಾಗಿರುವುದಿಲ್ಲವಲ್ಲ! ಆ ದಿನ ನಮ್ಮ ಕಂಬದ ಎರಡೂ ಕಡೆ ಫೇಸ್ ತಂತಿ ತುಂಡಾಗಿತ್ತು. ಆ ತುಂಡಿಗೆ ಸೇರಿದ್ದು ನಮ್ಮ ಮನೆ ಮತ್ತು ಬೀಗ ಹಾಕಿದ್ದ ಪಕ್ಕದ ಮನೆ ಮಾತ್ರ. ಜನರೇಟರಿಗೆ ಯಾವ ಭಾರವೂ ಇರಲಿಲ್ಲ. ಆ ಒಂದು ತುಂಡು ತಂತಿಯನ್ನು 230 ವೋಲ್ಟಿನಲ್ಲಿ ಜೀವಂತವಾಗಿಡಲು ಅದಕ್ಕೆ ಏನೂ ಕಷ್ಟವಾಗಲಿಲ್ಲ.

ಇದಕ್ಕಿಂತ ಹೆದರಿಕೆಯ ವಿಷಯ ಟಿಸಿಯದ್ದು. ಟಿಸಿ 11,000 ವೋಲ್ಟನ್ನು ಇಳಿಸಿ ನಮಗೆ ಕೊಡುತ್ತದೆ ಎಂದು ಎಲ್ಲರಿಗೂ ಗೊತ್ತು. ಅದು ಏರಿಸಲೂ ಬಲ್ಲದು ಎಂದು ನನಗೆ ಗೊತ್ತಿರಲಿಲ್ಲ. ಟ್ರಾನ್ಸ್‌ಫಾರ್ಮರಿಗೆ ಹಿಂದು ಮುಂದು ಇಲ್ಲ. ಈ ಕಡೆಯಿಂದ 230 ವೋಲ್ಟ್ ಒಳಗೆ ಹೋದರೆ ಆ ಕಡೆ 10,000 ವೋಲ್ಟ್ ಆಸುಪಾಸು ಹೊರಬರುತ್ತದೆ. ಆಚೆ ದೂರದಲ್ಲಿ ಎಲ್ಲೋ ಕಾಡಿನ ನಡುವೆ 11 ಕೆವಿ ತಂತಿ ಹಿಡಿದು ನಿಂತವರಿಗೆ ನಮ್ಮ ಜಗಲಿಯ ಜನರೇಟರ್ ಕಾಣುವುದೂ ಇಲ್ಲ, ಕೇಳುವುದೂ ಇಲ್ಲ.

ಪರಿಹಾರ ಸಣ್ಣದು. ಚೇಂಜ್ ಓವರ್ ಸ್ವಿಚ್ ಎಂದು ಸಿಗುತ್ತದೆ. ಅದರ ಹಿಡಿಕೆ ಒಂದು ಬದಿಗಿದ್ದರೆ ಮನೆಗೆ ಕಂಬದ ಕರೆಂಟ್, ಇನ್ನೊಂದು ಬದಿಗಿದ್ದರೆ ಜನರೇಟರ್ ಕರೆಂಟ್, ನಡುವೆ ಇದ್ದರೆ ಎರಡೂ ಇಲ್ಲ. ಎರಡೂ ಒಟ್ಟಿಗೆ ಸೇರಲು ಅದರಲ್ಲಿ ದಾರಿಯೇ ಇಲ್ಲ. ನೆನಪಿನ ಮೇಲೆ ಏನೂ ನಿಂತಿಲ್ಲ, ಮರೆತರೂ ತಪ್ಪಾಗುವುದಿಲ್ಲ. ಎಲೆಕ್ಟ್ರಿಷಿಯನ್ ಕೂಲಿ ಸೇರಿ ಮಾಮುವಿಗೆ 2,600 ರೂಪಾಯಿ ಆಯಿತು. ಅಬ್ಬು ಅರ್ಧ ಕೊಟ್ಟರು. ಅಷ್ಟು ಖರ್ಚು ಬೇಡ ಎನ್ನುವವರು ಜನರೇಟರಿನಿಂದ ಒಂದು ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದು ಫ್ರಿಜ್ಜನ್ನು ನೇರ ಅದಕ್ಕೇ ಹಾಕಬಹುದು. ಗೋಡೆಯ ಸಾಕೆಟ್ಟಿಗೆ ಮಾತ್ರ ಜನರೇಟರ್ ವೈರ್ ಸೇರಬಾರದು. ಎರಡೂ ತುದಿಗೆ ಪಿನ್ ಇರುವ ವೈರಿನಲ್ಲಿ ಇನ್ನೊಂದು ಅಪಾಯವೂ ಇದೆ: ಒಂದು ತುದಿ ಹಾಕಿ ಜನರೇಟರ್ ಓಡುತ್ತಿದ್ದರೆ ಕೈಯಲ್ಲಿರುವ ಇನ್ನೊಂದು ಪಿನ್ನಿನ ಹಿತ್ತಾಳೆ ಕಡ್ಡಿಗಳಲ್ಲಿ ಬರಿದೇ 230 ವೋಲ್ಟ್ ಇರುತ್ತದೆ.

ನಾವು ಮಾಡಿದ ಎರಡನೇ ತಪ್ಪು ಜಗಲಿಯದು. ಪೆಟ್ರೋಲ್ ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿದುಕೊಂಡುಬಿಡುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ, ಆಮೇಲೆ ಮಂಪರು. ಮಲಗಿದ್ದವರಿಗೆ ಗೊತ್ತೇ ಆಗುವುದಿಲ್ಲ. ಆ ದಿನ ದಾದಿ "ತಲೆ ಭಾರ" ಎಂದಿದ್ದರು. ನಾವು ನಿದ್ದೆಗೆಟ್ಟದ್ದಕ್ಕೆ ಎಂದುಕೊಂಡೆವು. ಅದೇ ಕಾರಣವೋ ಅಲ್ಲವೋ, ಈಗ ಹೇಳಲಾಗದು. ಜನರೇಟರ್ ಮನೆಯಿಂದ ದೂರ, ಬಯಲಿನಲ್ಲಿ, ಕಿಟಕಿ ಬಾಗಿಲಿನ ಎದುರಿಗಲ್ಲದೆ ಇರಬೇಕು. ಮಳೆ ತಾಗದಂತೆ ಮೇಲೆ ಒಂದು ತಗಡು ಸಾಕು, ಸುತ್ತ ಮುಚ್ಚಬಾರದು. ಚಳಿಗೆ ಎಂದು ಬಾಗಿಲು ಹಾಕಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗುವುದರಲ್ಲೂ ಇದೇ ಅಪಾಯ ಇದೆ. ನಮ್ಮ ಕಡೆ ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಕೆಂಡ ಇಡುವವರು ಇದನ್ನು ಗಮನಿಸಬೇಕು.

ಇನ್ನು ಬಿದ್ದ ತಂತಿ. ಇದರ ಬಗ್ಗೆ ನಮ್ಮೂರಿನಲ್ಲಿ ಇರುವ ನಂಬಿಕೆ: "ಊರಿಗೆಲ್ಲ ಲೈಟ್ ಹೋಗಿದೆ, ಹಾಗಾದರೆ ತಂತಿಯಲ್ಲಿ ಏನೂ ಇಲ್ಲ." ನಾನೂ ಹಾಗೇ ನಂಬಿದ್ದೆ. ಇದು ಯಾಕೆ ತಪ್ಪು ಎಂದು ಉಪನ್ಯಾಸಕರು ಬೋರ್ಡಿನ ಮೇಲೆ ಬರೆದು ತೋರಿಸಿದರು. 11 ಕೆವಿ ಲೈನಿನಲ್ಲಿ ಮೂರು ತಂತಿ. ಒಂದು ತುಂಡಾಗಿ ಬಿದ್ದರೂ ಉಳಿದ ಎರಡು ಕೆಲಸ ಮಾಡುತ್ತಿರಬಹುದು. ಬಿದ್ದ ತಂತಿ ಒದ್ದೆ ಮಣ್ಣಿಗೆ ಗಟ್ಟಿಯಾಗಿ ತಾಗಿದರೆ ಕರೆಂಟ್ ಜೋರಾಗಿ ಹರಿದು ಸ್ಟೇಷನ್ನಿನಲ್ಲಿ ಬ್ರೇಕರ್ ಬೀಳುತ್ತದೆ. ಆದರೆ ಜಂಬಿಟ್ಟಿಗೆ ಕಲ್ಲಿನ ಮೇಲೆ, ಒಣ ದರಗಿನ ಮೇಲೆ, ಡಾಂಬರಿನ ಮೇಲೆ, ಅಥವಾ ಗಿಡಗಂಟಿಯ ಮೇಲೆ ತೂಗಿಕೊಂಡು ಬಿದ್ದರೆ ಹರಿಯುವ ಕರೆಂಟ್ ಬಹಳ ಕಡಿಮೆ. ಸ್ಟೇಷನ್ನಿನ ಬ್ರೇಕರಿಗೆ ಅದು ಒಂದು ಸಣ್ಣ ಪಂಪ್‌ಸೆಟ್ ಓಡಿದಂತೆ ಕಾಣಬಹುದು. ಅದು ಬೀಳುವುದೇ ಇಲ್ಲ. ತಂತಿ ಸುಮ್ಮನೆ ಮಲಗಿರುತ್ತದೆ, ಕಿಡಿಯೂ ಇಲ್ಲ, ಶಬ್ದವೂ ಇಲ್ಲ. ಒಳಗೆ 11,000 ವೋಲ್ಟ್.

ನನಗೆ ಅತಿ ಆಶ್ಚರ್ಯವಾದದ್ದು ತುಂಡಾದ ತಂತಿಯ ಇನ್ನೊಂದು ತುದಿಯ ಕಥೆ. ಸ್ಟೇಷನ್ ಕಡೆಯ ತುದಿಯಲ್ಲಿ ಕರೆಂಟ್ ಇರಬಹುದು, ಸರಿ. ಊರ ಕಡೆಯ ತುದಿ ಬೇರ್ಪಟ್ಟಿತಲ್ಲ, ಅದು ಸತ್ತಿರಬೇಕಲ್ಲವೇ? ಇಲ್ಲ. ಮುಂದೆ ಇರುವ ಟಿಸಿಗಳಿಗೆ ಉಳಿದ ಎರಡು ತಂತಿಗಳಿಂದ ಕರೆಂಟ್ ಬರುತ್ತಿದ್ದರೆ ಅವುಗಳ ಸುರುಳಿಯ ಮೂಲಕ ಸುತ್ತಿಬಂದು ಆ ಮೂರನೇ ತಂತಿಗೂ ವೋಲ್ಟೇಜ್ ಸಿಗುತ್ತದೆ. ಆದ್ದರಿಂದ ಎರಡೂ ತುದಿಯನ್ನು ಜೀವಂತ ಎಂದೇ ತಿಳಿಯಬೇಕು. ಅಲ್ಲದೆ ಬ್ರೇಕರ್ ಬಿದ್ದು ನಿಜವಾಗಿ ಸತ್ತ ತಂತಿಗೂ ಯಾವ ಕ್ಷಣದಲ್ಲಾದರೂ ಜೀವ ಬರಬಹುದು. ದೋಷ ಎಲ್ಲಿದೆ ಎಂದು ಹುಡುಕಲು ಲೈನನ್ನು ಒಮ್ಮೆ ಚಾರ್ಜ್ ಮಾಡಿ ನೋಡುತ್ತಾರೆ. ಅಲ್ಲಿ ಸ್ವಿಚ್ ಹಾಕುವವರಿಗೆ ನಮ್ಮ ತೋಟದಲ್ಲಿ ಯಾರೋ ತಂತಿ ಹಿಡಿದು ಪಕ್ಕಕ್ಕೆ ಸರಿಸುತ್ತಿದ್ದಾರೆಂದು ಹೇಗೆ ಗೊತ್ತಾಗಬೇಕು?

ಮುಟ್ಟದಿದ್ದರೂ ಹತ್ತಿರ ಹೋಗಬಾರದು. ತಂತಿ ನೆಲಕ್ಕೆ ತಾಗಿದ ಜಾಗದಿಂದ ಕರೆಂಟ್ ಮಣ್ಣಿನಲ್ಲಿ ಸುತ್ತ ಹರಡುತ್ತದೆ, ದೂರ ಹೋದಂತೆ ವೋಲ್ಟೇಜ್ ಇಳಿಯುತ್ತದೆ. ಒಂದು ಕಾಲು ಹತ್ತಿರ, ಒಂದು ಕಾಲು ದೂರ ಇಟ್ಟು ನಡೆದರೆ ಎರಡು ಪಾದಗಳ ನಡುವೆ ವೋಲ್ಟೇಜ್ ವ್ಯತ್ಯಾಸ ಬರುತ್ತದೆ. ಒಂದು ಕಾಲಿನಿಂದ ಏರಿ ಇನ್ನೊಂದರಿಂದ ಇಳಿಯುತ್ತದೆ. ದನಗಳ ಮುಂಗಾಲು ಹಿಂಗಾಲಿನ ನಡುವಿನ ಅಂತರ ನಮ್ಮ ಹೆಜ್ಜೆಗಿಂತ ದೊಡ್ಡದು, ಆ ದಾರಿಯಲ್ಲಿ ಹೃದಯವೂ ಸಿಗುತ್ತದೆ. ಎರಡು ವರ್ಷದ ಹಿಂದೆ ನಮ್ಮ ಪಕ್ಕದ ತೋಟದವರ ಎರಡು ದನ ತಂತಿ ಮುಟ್ಟದೆಯೇ ಸತ್ತವು. ಆಗ ಸಿಡಿಲು ಎಂದುಕೊಂಡಿದ್ದೆವು, ತಂತಿ ಸಿಕ್ಕಿದ್ದು ಮರುದಿನ. ಕನಿಷ್ಠ 10 ಮೀಟರ್, ಅಂದರೆ ಹದಿನೈದು ಹೆಜ್ಜೆಯಷ್ಟಾದರೂ ದೂರ ಇರಬೇಕು. ಗೊತ್ತಿಲ್ಲದೆ ಹತ್ತಿರ ಹೋಗಿಬಿಟ್ಟರೆ ಓಡಬಾರದು. ಪಾದಗಳನ್ನು ಒಂದಕ್ಕೊಂದು ತಾಗಿಸಿಕೊಂಡು, ನೆಲ ಬಿಡದೆ, ಸ್ವಲ್ಪ ಸ್ವಲ್ಪವೇ ಜಾರಿಸುತ್ತ ಹಿಂದೆ ಸರಿಯಬೇಕು. ನೋಡುವವರಿಗೆ ನಗು ಬರಬಹುದು, ಬರಲಿ.

ತಂತಿ ಮುಳ್ಳುತಂತಿಯ ಬೇಲಿಯ ಮೇಲೆ ಬಿದ್ದರೆ ಬೇಲಿ ಎಷ್ಟು ಉದ್ದವೋ ಅಷ್ಟು ದೂರ ಅಪಾಯ. ಬಟ್ಟೆ ಒಣಗಿಸುವ ಕಬ್ಬಿಣದ ತಂತಿಯ ಒಂದು ತುದಿಯನ್ನು ಕರೆಂಟ್ ಕಂಬಕ್ಕೋ ಅದರ ಸ್ಟೇ ವೈರಿಗೋ ಕಟ್ಟುವ ರೂಢಿ ನಮ್ಮೂರಲ್ಲಿ ಇದೆ. ಬಿಚ್ಚಿಸಲು ನಾನು ಮೂರು ಮನೆಗೆ ಹೋದೆ. ಎರಡು ಮನೆಯವರು ಪ್ಲಾಸ್ಟಿಕ್ ಹಗ್ಗ ಹಾಕಿದರು, ಒಂದು ಮನೆಯವರು ಬೈದು ಕಳಿಸಿದರು. ಬಸ್ಸು, ಆಟೋ ಮೇಲೆ ತಂತಿ ಬಿದ್ದರೆ ಒಳಗೇ ಕೂತಿರುವುದು ಕ್ಷೇಮ. ಬೆಂಕಿ ಹತ್ತಿದರೆ ಮಾತ್ರ ಹೊರಗೆ, ಅದೂ ವಾಹನವನ್ನೂ ನೆಲವನ್ನೂ ಒಟ್ಟಿಗೆ ಮುಟ್ಟದಂತೆ ಎರಡೂ ಕಾಲು ಜೋಡಿಸಿ ಜಿಗಿಯಬೇಕು.

"ಒಣ ಕೋಲಿನಿಂದ ಸರಿಸಬಹುದಲ್ಲ" ಎಂದು ನಮಗೆ ಪ್ರೈಮರಿಯಲ್ಲಿ ಹೇಳಿಕೊಟ್ಟಿದ್ದಾರೆ. ಮನೆಯೊಳಗಿನ 230 ವೋಲ್ಟಿಗೆ, ಮೇನ್ ಆಫ್ ಮಾಡಲು ಸಾಧ್ಯವೇ ಇಲ್ಲದಿದ್ದರೆ, ನಿಜವಾಗಿ ಒಣಗಿದ ಕೋಲು ನಡೆದೀತು. 11 ಕೆವಿಗೆ ಇಲ್ಲ. ಮಲೆನಾಡಿನ ಜೂನ್ ತಿಂಗಳಲ್ಲಿ ಒಣ ಕೋಲು ಎಲ್ಲಿದೆ ಎಂಬುದೂ ಒಂದು ಪ್ರಶ್ನೆ. ಅಡಿಕೆ ದೋಟಿಯ ಬಗ್ಗೆಯೂ ಎಚ್ಚರ ಬೇಕು. ಅಲ್ಯೂಮಿನಿಯಂ ದೋಟಿಯಲ್ಲಿ ಕರೆಂಟ್ ಹರಿಯುವುದು ಎಲ್ಲರಿಗೂ ಗೊತ್ತು. ಈಗ ಬಂದಿರುವ ಹಗುರ ಕಾರ್ಬನ್ ಫೈಬರ್ ದೋಟಿಯಲ್ಲೂ ಹರಿಯುತ್ತದೆ. ಪ್ಲಾಸ್ಟಿಕ್ಕಿನಂತೆ ಕಾಣುವುದರಿಂದ ಜನ ಮೋಸ ಹೋಗುತ್ತಾರೆ. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ಕಾಲವೂ ಗಾಳಿಗೆ ತಂತಿ ಜೋತುಬೀಳುವ ಕಾಲವೂ ಒಂದೇ.

ತಂತಿ ಕಂಡರೆ ಮೊದಲು ದಾರಿಯ ಎರಡೂ ಕಡೆ ಜನರನ್ನು ನಿಲ್ಲಿಸಬೇಕು, ಆಮೇಲೆ 1912ಕ್ಕೆ ಫೋನ್. ಕಂಬದ ಮೇಲೆ, ಟಿಸಿಯ ಮೇಲೆ ಬರೆದಿರುವ ನಂಬರ್ ಹೇಳಿದರೆ ಅವರಿಗೆ ಜಾಗ ಬೇಗ ಸಿಗುತ್ತದೆ. ಗುರುತು ಹೇಳಲು ಹೋಗಿ "ಆ ದೊಡ್ಡ ಹಲಸಿನ ಮರದ ಹತ್ತಿರ" ಎಂದರೆ ನಮ್ಮ ತಾಲ್ಲೂಕಿನಲ್ಲಿ ಎಷ್ಟು ಹಲಸಿನ ಮರ! ನೆಟ್‌ವರ್ಕ್ ಇಲ್ಲದ ದಿನ ನಮ್ಮೂರಲ್ಲಿ ಮಸೀದಿಯ ಮೈಕ್ ಉಪಯೋಗಕ್ಕೆ ಬಂತು. ಅಲ್ಲಿ ಇನ್ವರ್ಟರ್ ಇದೆ. "ಕೆರೆ ದಾರಿಯಲ್ಲಿ ತಂತಿ ಬಿದ್ದಿದೆ, ದನ ಬಿಡಬೇಡಿ" ಎಂದು ಕನ್ನಡದಲ್ಲಿ ಒಮ್ಮೆ, ಉರ್ದುವಿನಲ್ಲಿ ಒಮ್ಮೆ ಕೂಗಿದರು. ಆಚೆ ಕೇರಿಯವರೂ ಕೇಳಿ ದನ ಕಟ್ಟಿಹಾಕಿದರು.

ಯಾರಿಗಾದರೂ ಶಾಕ್ ಹೊಡೆದರೆ ಅವರನ್ನು ಹಿಡಿದು ಎಳೆಯಬಾರದು, ಮೊದಲು ಮೇನ್ ಆಫ್. ಕರೆಂಟ್ ತಪ್ಪಿದ ಮೇಲೆ ಉಸಿರು ಇಲ್ಲದಿದ್ದರೆ 108ಕ್ಕೆ ಒಬ್ಬರು ಫೋನ್ ಮಾಡಲಿ, ಇನ್ನೊಬ್ಬರು ಎದೆಯ ನಡುವೆ ಎರಡೂ ಅಂಗೈ ಇಟ್ಟು ಒತ್ತಲು ಶುರು ಮಾಡಲಿ: ನಿಮಿಷಕ್ಕೆ 100ರಿಂದ 120 ಸಲ, ಸುಮಾರು 5 ಸೆಂಟಿಮೀಟರ್ ಆಳ, ಆಂಬುಲೆನ್ಸ್ ಬರುವವರೆಗೆ. ಸುಸ್ತಾದರೆ ಆಳು ಬದಲಿಸಬೇಕು. ಇದನ್ನು ಕಾಲೇಜಿನಲ್ಲಿ ಒಂದು ದಿನ ಗೊಂಬೆ ಇಟ್ಟು ಕಲಿಸಿದರೆ ಒಳ್ಳೆಯದು ಎಂದು ಪ್ರಾಂಶುಪಾಲರಲ್ಲಿ ಈ ಪುಟದ ಮೂಲಕ ವಿನಂತಿ.

ಸಿಡಿಲಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಪಠ್ಯದಲ್ಲಿ ಓದಿದ್ದೇವೆ. ನಮ್ಮಲ್ಲಿ ಭರಣಿ, ಕೃತ್ತಿಕೆ ಮಳೆಗೆ ಗುಡುಗು ಸಿಡಿಲು ಹೆಚ್ಚು. ಆರಿದ್ರಾ, ಪುನರ್ವಸುವಿನಲ್ಲಿ ಸಿಡಿಲು ಕಡಿಮೆ, ಗಾಳಿ ಹೆಚ್ಚು, ಮರ ಬೀಳುವುದು ಹೆಚ್ಚು. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು 10 ಕಿಲೋಮೀಟರಿನೊಳಗೆ ಇದೆ ಎಂದರ್ಥ, ಮನೆಯೊಳಗೆ ಹೋಗಬೇಕು. ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಬೇಕು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಮಾಡಿರುವ 'ದಾಮಿನಿ' ಆ್ಯಪ್ ಹತ್ತಿರದ ಸಿಡಿಲಿನ ಮುನ್ಸೂಚನೆ ಕೊಡುತ್ತದೆ, ನೆಟ್‌ವರ್ಕ್ ಇದ್ದರೆ.

ಕರೆಂಟ್ ವಾಪಸ್ ಬರುವ ಹೊತ್ತಿನ ಬಗ್ಗೆ ನಮ್ಮ ದಾದಿಯ ಮಾತೊಂದಿದೆ: "ಲೈಟ್ ಗಯೀ ತೋ ಡರ್ ನೈ, ಆಯೀ ತೋಚ್ ಡರ್." ಹೋದಾಗ ಭಯವಿಲ್ಲ, ಬಂದಾಗಲೇ ಭಯ. ಒಮ್ಮೆ ರಾತ್ರಿ ಎರಡು ಗಂಟೆಗೆ ಕರೆಂಟ್ ಬಂದು ಅಡುಗೆಮನೆಯಲ್ಲಿ ಮಿಕ್ಸಿ ತಾನಾಗಿ ಓಡತೊಡಗಿದಾಗಿನಿಂದ ಅವರು ಹೀಗೆನ್ನುತ್ತಾರೆ. ನಮಗೆ ನಗು. ಆದರೆ ಪಂಪ್‌ಸೆಟ್ಟಿಗೆ ಆಟೋ ಸ್ಟಾರ್ಟರ್ ಇದ್ದರೆ ಇದು ನಗುವ ವಿಷಯವಲ್ಲ. ಕರೆಂಟ್ ಇಲ್ಲವೆಂದು ಬಾವಿಗಿಳಿದು ಫುಟ್‌ವಾಲ್ವ್ ಸರಿಮಾಡುವವರು ಮೊದಲು ಸ್ಟಾರ್ಟರಿನ ಫ್ಯೂಸ್ ಕಿತ್ತು ಜೇಬಿನಲ್ಲಿಟ್ಟುಕೊಳ್ಳಬೇಕು. ಇನ್ನೊಂದು ವಿಷಯ: ಗಾಳಿಗೆ ನ್ಯೂಟ್ರಲ್ ತಂತಿ ಮಾತ್ರ ತುಂಡಾಗಿದ್ದರೆ ಮನೆಗೆ 230ರ ಬದಲು 400 ವೋಲ್ಟಿನವರೆಗೂ ಬರಬಹುದು. ಲೈಟ್ ಹೋದ ಕೂಡಲೇ ಟಿವಿ, ಫ್ರಿಜ್ಜುಗಳ ಪಿನ್ ತೆಗೆದು, ಒಂದು ಬಲ್ಬಿನ ಸ್ವಿಚ್ ಮಾತ್ರ ಹಾಕಿಡಿ. ಬಂದಾಗ ಅದು ಅತಿ ಪ್ರಕಾಶವಾಗಿ ಉರಿದರೆ ಅಥವಾ ಮಿಣುಕಿದರೆ ಮೇನ್ ಬಂದ್ ಮಾಡಿ. ಇನ್ವರ್ಟರ್ ಇರುವ ಮನೆಯಲ್ಲಂತೂ "ಕರೆಂಟ್ ಇಲ್ಲ" ಎಂಬ ಮಾತಿಗೆ ಅರ್ಥವೇ ಇಲ್ಲ. ಗೋಡೆಯ ವೈರಿನಲ್ಲಿ ಆಗಲೂ 230 ವೋಲ್ಟ್ ಇದೆ. ಫ್ಯಾನ್ ಬಿಚ್ಚುವ ಮೊದಲು ಇನ್ವರ್ಟರ್ ಆಫ್ ಮಾಡಬೇಕು.

ಅಮ್ಮಿಯ ಫ್ರೀಜರಿಗೆ ಮರಳುತ್ತೇನೆ. ನಿಜ ಹೇಳಬೇಕೆಂದರೆ ಆ ಬೆಳಿಗ್ಗೆ ಜನರೇಟರ್ ಅಗತ್ಯವೇ ಇರಲಿಲ್ಲ. ಬಾಗಿಲು ತೆರೆಯದಿದ್ದರೆ ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಣ್ಣಗಿರುತ್ತದೆ. ಕೆಳಗಿನ ಫ್ರಿಜ್ಜು ಮಾತ್ರ 4 ಗಂಟೆ. ನಾವು ಮಾಂಸ ಕರಗಿತೇ ಎಂದು ನೋಡಲು ಗಂಟೆಗೊಮ್ಮೆ ತೆರೆಯುತ್ತಿದ್ದೆವು. ನಿಜವಾಗಿ ಚಿಂತೆ ಮಾಡಬೇಕಾದದ್ದು ಕೆಳಗಿದ್ದ ದಾದಿಯ ಇನ್ಸುಲಿನ್ ಬಗ್ಗೆ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಬಳಸಲು ತೆರೆದದ್ದನ್ನು ಹೆಚ್ಚಿನ ಬಗೆಗಳಲ್ಲಿ ಸುಮಾರು ನಾಲ್ಕು ವಾರ ತಂಪಾದ ಹೊರಗಿನ ಹವೆಯಲ್ಲೇ ಇಡಬಹುದು. ಯಾವುದು ಎಷ್ಟು ದಿನ ಎಂದು ಡಬ್ಬಿಯ ಮೇಲಿನ ಚೀಟಿಯಲ್ಲಿರುತ್ತದೆ, ಔಷಧಿ ಅಂಗಡಿಯವರನ್ನೂ ಕೇಳಬಹುದು. ಈಗ ನಾವು ಒದ್ದೆ ಮರಳಿನ ಮೇಲೆ ಮಣ್ಣಿನ ಮಡಕೆ, ಅದರೊಳಗೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇನ್ಸುಲಿನ್ ಇಡುತ್ತೇವೆ. ಮಂಜುಗಡ್ಡೆಗೆ ನೇರ ತಾಗಿಸಬಾರದು, ಹೆಪ್ಪುಗಟ್ಟಿದರೆ ಕೆಡುತ್ತದೆ.

ಆ ದಿನ ಲೈನ್‌ಮ್ಯಾನ್ ಹೋಗುವಾಗ ಮಾಮುವಿನ ವೈರನ್ನು ಕೈಗೆ ತೆಗೆದುಕೊಂಡರು. ಕಟಿಂಗ್ ಪ್ಲೇಯರಿನಿಂದ ಒಂದು ಕಡೆಯ ಪಿನ್ ಕತ್ತರಿಸಿ ಜೇಬಿಗೆ ಹಾಕಿಕೊಂಡರು, ಉಳಿದ ವೈರನ್ನು ಸುತ್ತಿ ಮಾಮುವಿಗೆ ವಾಪಸ್ ಕೊಟ್ಟರು. ನಿಮ್ಮ ಮನೆಯಲ್ಲಿ, ಶಾಮಿಯಾನ ಹಾಕುವವರ ಹತ್ತಿರ, ಅಂಗಡಿಯಲ್ಲಿ, ತೋಟದ ಶೆಡ್ಡಿನಲ್ಲಿ ಇಂಥ ವೈರ್ ಇದೆಯೇ ಎಂದು ಇವತ್ತು ಸಂಜೆ ಹೋಗಿ ನೋಡಿ.